ಶುಗರ್, ಬಿಪಿ, ಹೃದಯದ ಕಾಯಿಲೆ: ವಂಶದಿಂದ ಬಂದದ್ದೋ, ಬದುಕಿದ ರೀತಿಯಿಂದ ಬಂದದ್ದೋ? ಸಂಶೋಧಕರು ಹೇಗೆ ಪತ್ತೆ ಮಾಡುತ್ತಾರೆ?

ಮಳೆಹನಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರನ್ನು ಒಂದು ದೀರ್ಘಕಾಲದ ಆರೋಗ್ಯ ಅಧ್ಯಯನಕ್ಕೆ ಕರೆದಿದ್ದಾರೆ. ರಕ್ತ ಕೊಡಬೇಕು, ಅದರಿಂದ ಡಿಎನ್‌ಎ ತೆಗೆದು ಇಡುತ್ತಾರೆ. ಆಮೇಲೆ ವರ್ಷಗಟ್ಟಲೆ ಆಗಾಗ ಕರೆಸಿ ಬಿಪಿ, ತೂಕ ನೋಡುತ್ತಾರಂತೆ. ಊಟ, ನಿದ್ದೆ, ಕೆಲಸ, ಮನೆಯ ಸುತ್ತಲಿನ ಗಾಳಿ, ಎಲ್ಲದರ ಬಗ್ಗೆ ಕೇಳುತ್ತಾರಂತೆ.

ಅಮ್ಮನಿಗೆ ಶುಗರ್ ಇದೆ. ಇಬ್ಬರು ಸೋದರಮಾವಂದಿರಿಗೂ ಇದೆ. ತಾತ ಹಾರ್ಟ್ ಅಟ್ಯಾಕ್‌ನಿಂದ ಹೋದರು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. "ಇದು ನಮ್ಮ ರಕ್ತದಲ್ಲೇ ಇದೆ, ಏನು ಮಾಡಿದರೂ ಬರುತ್ತೆ" ಅಂತ ಒಬ್ಬರು. "ಎಲ್ಲ ನಮ್ಮ ಅಭ್ಯಾಸದಿಂದಲೇ ಬಂದದ್ದು" ಅಂತ ಇನ್ನೊಬ್ಬರು. ಇಂಥ ಕಾಯಿಲೆಯಲ್ಲಿ ಜೀನ್‌ನ ಪಾಲೆಷ್ಟು, ಪರಿಸರದ ಪಾಲೆಷ್ಟು ಅಂತ ಹೇಗೆ ಬಿಡಿಸಿ ನೋಡುತ್ತಾರೆ? ಅದಕ್ಕೆ ಇಷ್ಟು ವರ್ಷ ಯಾಕೆ ಬೇಕು? ಗೊತ್ತಿದ್ದವರು ತಿಳಿಸಿ.

ಬಿಳಿಕೋಟು:
ಎರಡೂ ಸೇರಿಯೇ ಬರುತ್ತವೆ. ಒಂದೇ ಜೀನ್ ಕೆಟ್ಟು ಬರುವ ಕಾಯಿಲೆಗಳು ಬೇರೆ, ಅವು ಅಪರೂಪ. ಟೈಪ್ 2 ಡಯಾಬಿಟಿಸ್, ಬಿಪಿ, ಅಸ್ತಮಾ, ಹೃದಯದ ರಕ್ತನಾಳದ ಕಾಯಿಲೆ, ಇವುಗಳಲ್ಲಿ ನೂರಾರು ಜೀನ್ ಜಾಗಗಳು ಸ್ವಲ್ಪ ಸ್ವಲ್ಪ ಕೈಹಾಕುತ್ತವೆ. ಅದರ ಮೇಲೆ ಬದುಕಿನ ಪರಿಸ್ಥಿತಿ ಸೇರಿಕೊಳ್ಳುತ್ತದೆ. ಸಾಧ್ಯವಿದ್ದರೆ ಖಂಡಿತ ಸೇರಿಕೊಳ್ಳಿ.

ಅಂಕಿಸಂಖ್ಯೆ:
ಮಳೆಹನಿಯವರೇ, ನಿಮ್ಮ ಪ್ರಶ್ನೆ ತುಂಬಾ ಒಳ್ಳೆಯದು. ಆದರೆ "ಪಾಲೆಷ್ಟು" ಅನ್ನೋ ಲೆಕ್ಕವನ್ನು ಮೊದಲು ಪಕ್ಕಕ್ಕಿಡೋಣ. ಜೀನ್ 40%, ಪರಿಸರ 60% ಅಂತ ಒಬ್ಬ ಮನುಷ್ಯನ ಕಾಯಿಲೆಯನ್ನು ಭಾಗ ಮಾಡೋಕೆ ಬರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

2008ರಲ್ಲಿ ಮೂರು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಒಂದು ವಿಷಯ ಪ್ರಕಟಿಸಿದವು. 15ನೇ ಕ್ರೋಮೋಸೋಮ್‌ನ (ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆ) ಒಂದು ಜಾಗದಲ್ಲಿ ಒಂದು ಬಗೆಯ ಡಿಎನ್‌ಎ ಅಕ್ಷರ ಇದ್ದವರಿಗೆ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಬರುತ್ತದೆ ಅಂತ. ಆ ಜಾಗದಲ್ಲಿರುವುದು ಜೀವಕೋಶದಲ್ಲಿ ನಿಕೋಟಿನ್ ಹಿಡಿದುಕೊಳ್ಳುವ ರಿಸೆಪ್ಟರ್‌ನ ಜೀನ್‌ಗಳು. ಆ ಅಕ್ಷರ ಇರುವವರು ಸಿಗರೇಟು ಸೇದಿದರೆ ದಿನಕ್ಕೆ ಜಾಸ್ತಿ ಸೇದುತ್ತಾರೆ, ಬಿಡೋದು ಕಷ್ಟವಾಗುತ್ತದೆ. ಸಿಗರೇಟು ಮುಟ್ಟದವರಲ್ಲಿ ನೋಡಿದರೆ ಅದೇ ಅಕ್ಷರದಿಂದ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ಈಗ ಹೇಳಿ, ಆ ಕ್ಯಾನ್ಸರ್ ಜೀನ್‌ನಿಂದ ಬಂತಾ, ಹೊಗೆಯಿಂದ ಬಂತಾ? ಜೀನ್ ಕೆಲಸ ಮಾಡಿದ್ದೇ ಹೊಗೆಯ ಮೂಲಕ. ಎರಡರಲ್ಲಿ ಯಾವುದನ್ನು ತೆಗೆದರೂ ಆ ಹೆಚ್ಚುವರಿ ಅಪಾಯ ಇಲ್ಲ.

ಇನ್ನೊಂದು ಉದಾಹರಣೆ ಎಫ್‌ಟಿಒ ಜೀನ್. ದೇಹದ ತೂಕದ ಜೊತೆ ಇದರ ಸಂಬಂಧ ಗೊತ್ತಾಗಿದ್ದು 2007ರಲ್ಲಿ. ಅಪ್ಪನಿಂದಲೂ ಅಮ್ಮನಿಂದಲೂ ಆ ಬಗೆಯೇ ಬಂದಿದ್ದರೆ ಸರಾಸರಿ 3 ಕೆ.ಜಿ. ತೂಕ ಹೆಚ್ಚು. ಆಮೇಲೆ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನದ ಡೇಟಾವನ್ನು ಹುಟ್ಟಿದ ವರ್ಷದ ಪ್ರಕಾರ ಬೇರೆ ಮಾಡಿ ನೋಡಿದರು. 1942ಕ್ಕಿಂತ ಮೊದಲು ಹುಟ್ಟಿದವರಲ್ಲಿ ಆ ಸಂಬಂಧ ಕಾಣಲೇ ಇಲ್ಲ. ನಂತರ ಹುಟ್ಟಿದವರಲ್ಲಿ ಚೆನ್ನಾಗಿ ಕಂಡಿತು. ಜೀನ್ ಅದೇ, ಬದಲಾಗಿದ್ದು ಕಾಲ. ಅಂದರೆ "ಜೀನ್‌ನ ಪ್ರಭಾವ ಎಷ್ಟು" ಅನ್ನೋ ಸಂಖ್ಯೆಯೇ ಯಾವ ಜನ, ಯಾವ ಕಾಲ ಅನ್ನೋದರ ಮೇಲೆ ನಿಂತಿದೆ.

ಅವಳಿಗಳ ಅಧ್ಯಯನದಲ್ಲಿ ಬರುವ ಶೇಕಡಾ ಸಂಖ್ಯೆಯನ್ನೂ, ಅಂದರೆ ಜನರ ನಡುವಿನ ವ್ಯತ್ಯಾಸದಲ್ಲಿ ಜೀನ್‌ನ ಪಾಲನ್ನೂ, ಹೀಗೇ ಓದಬೇಕು. ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳು, ಎರಡು ಮೊಟ್ಟೆಯಿಂದ ಹುಟ್ಟಿದ ಅವಳಿಗಳಿಗಿಂತ ಎಷ್ಟು ಹೆಚ್ಚು ಒಬ್ಬರನ್ನೊಬ್ಬರು ಹೋಲುತ್ತಾರೆ ಅಂತ ನೋಡಿ ಆ ಲೆಕ್ಕ ಹಾಕುತ್ತಾರೆ. ಎತ್ತರದ ವಿಷಯದಲ್ಲಿ ಅದು ಸುಮಾರು 80% ಬರುತ್ತದೆ. ಹಾಗಂತ ಎತ್ತರ ನಿಗದಿಯಾಗಿಬಿಟ್ಟಿದೆಯಾ? ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ 100 ವರ್ಷದಲ್ಲಿ ಸುಮಾರು 20 ಸೆಂ.ಮೀ. ಹೆಚ್ಚಾಯಿತು. ನೂರು ವರ್ಷದಲ್ಲಿ ಒಂದು ದೇಶದ ಜನರ ಜೀನ್‌ಗಳು ಅಷ್ಟು ಬದಲಾಗುವುದಿಲ್ಲ ಅಲ್ವಾ?

ನೇರನುಡಿ:
ಇಷ್ಟೆಲ್ಲ ಯಾಕೆ? ಜನ ಮೈಬಗ್ಗಿಸಿ ಕೆಲಸ ಮಾಡೋದು ಬಿಟ್ಟರು, ಕಾಯಿಲೆ ಬಂತು. ಜೀನ್ ಗೀನ್ ಅಂತ ಕೋಟಿಗಟ್ಟಲೆ ಸುರಿಯೋ ಬದಲು ಜನರಿಗೆ ನಡೆಯೋಕೆ ಹೇಳಿದರೆ ಸಾಕು. ನಾನು ಬೇಸರದಿಂದ ಹೇಳುತ್ತಿಲ್ಲ, ಮನಸಾರೆ ನಂಬಿರುವುದನ್ನೇ ಹೇಳುತ್ತಿದ್ದೇನೆ.

ಬಂಡೆಹೂವು:
ನೇರನುಡಿಯವರೇ, ನಡೆಯೋದು ಒಳ್ಳೆಯದು ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ "ಜನ ಬಿಟ್ಟರು" ಅನ್ನುವಾಗ ಯಾರು ಏನನ್ನು ಬಿಟ್ಟರು, ಯಾಕೆ ಬಿಟ್ಟರು ಅಂತಲೂ ಕೇಳಬೇಕು. ಪೀಮಾ ಜನರ ಕತೆ ನೋಡಿ.

ಅಮೆರಿಕದ ಅರಿಜೋನಾದಲ್ಲಿ ಪೀಮಾ ಅನ್ನೋ ಮೂಲನಿವಾಸಿಗಳಿದ್ದಾರೆ. ಟೈಪ್ 2 ಡಯಾಬಿಟಿಸ್ ಸಂಶೋಧನೆಯಲ್ಲಿ ಇವರ ಹೆಸರು ಮತ್ತೆ ಮತ್ತೆ ಬರುತ್ತದೆ. ಅವರಲ್ಲಿ ಶುಗರ್ ಎಷ್ಟಿತ್ತೆಂದರೆ, ಅವರ ಜೀನ್‌ನಲ್ಲೇ ಏನೋ ವಿಶೇಷ ಇರಬೇಕು ಅಂತ ದಶಕಗಳ ಕಾಲ ಹುಡುಕಿದರು. ಅದೇ ಮೂಲದ ಇನ್ನೊಂದು ಗುಂಪು ಮೆಕ್ಸಿಕೋದ ಬೆಟ್ಟದ ಊರು ಮೈಕೋಬಾದಲ್ಲಿದೆ. 2006ರಲ್ಲಿ ಎರಡೂ ಗುಂಪಿನ ಹೋಲಿಕೆ ಪ್ರಕಟವಾಯಿತು. ಅರಿಜೋನಾದ ಪೀಮಾ ಜನರಲ್ಲಿ ಶುಗರ್ 38%. ಮೆಕ್ಸಿಕೋದ ಪೀಮಾ ಜನರಲ್ಲಿ 6.9%. ಹತ್ತಿರದ ಸಂಬಂಧಿಗಳು, ಆದರೆ ಇಷ್ಟು ಅಂತರ. ಮೈಕೋಬಾದವರು ಹೊಲದಲ್ಲಿ ಮೈಮುರಿದು ದುಡಿಯುತ್ತಿದ್ದರು, ಬೆಳೆದದ್ದನ್ನೇ ಹೆಚ್ಚು ಉಣ್ಣುತ್ತಿದ್ದರು.

ಹಾಗಾದರೆ ಅರಿಜೋನಾದವರು ಸೋಮಾರಿಗಳಾದರಾ? ಅಲ್ಲ. ಅವರು ಹೀಲಾ ನದಿಯ ನೀರಿನಲ್ಲಿ ಬೇಸಾಯ ಮಾಡಿಕೊಂಡಿದ್ದ ಜನ. 19ನೇ ಶತಮಾನದ ಕೊನೆಯಲ್ಲಿ ನದಿಯ ಮೇಲ್ಭಾಗದಲ್ಲಿ ಬಂದು ನೆಲೆಸಿದವರು ನೀರನ್ನು ತಿರುಗಿಸಿಕೊಂಡರು. ಹೊಲ ಒಣಗಿತು, ಬೇಸಾಯ ಹೋಯಿತು, ಹಸಿವು ಬಂತು. ಮುಂದೆ ಅವರ ಊಟವೇ ಬದಲಾಗಿ ಹೋಯಿತು. ಇದನ್ನು "ಅಭ್ಯಾಸ" ಅಂತ ಕರೆದರೆ ಆ ಜನರಿಗೆ ಅನ್ಯಾಯವಾಗುತ್ತದೆ. ಪರಿಸರ ಅಂದರೆ ನಾವು ಆರಿಸಿಕೊಂಡದ್ದು ಮಾತ್ರ ಅಲ್ಲ, ನಮ್ಮ ಮೇಲೆ ಬಂದು ಬಿದ್ದದ್ದೂ ಸೇರುತ್ತದೆ.

ನೇರನುಡಿ:
ನೀರಿನ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ನನ್ನ ಮಾತಿಗೆ ಇದು ಬಲವನ್ನೇ ಕೊಡುತ್ತದೆ. ಎಲ್ಲವೂ ಪರಿಸರ ಅಂದಮೇಲೆ ಡಿಎನ್‌ಎ ಯಾಕೆ?

ಲ್ಯಾಬ್‌ಮೂಲೆ:
ಡಿಎನ್‌ಎ ಯಾಕೆ ಅಂತ ಕೇಳಿದಿರಿ. ನಾನು ದಿನವೂ ಅದರ ಜೊತೆಗೇ ಕೆಲಸ ಮಾಡುವವನು, ಉತ್ತರಿಸುತ್ತೇನೆ.

ಯಾವುದೇ ಇಬ್ಬರ ಡಿಎನ್‌ಎ ಸುಮಾರು 99.9% ಒಂದೇ. ಉಳಿದ ಚೂರಿನಲ್ಲಿ ವ್ಯತ್ಯಾಸ ಇದೆ. ಕಾಯಿಲೆ ಇರುವ ಸಾವಿರಾರು ಜನ, ಇಲ್ಲದ ಸಾವಿರಾರು ಜನ, ಇವರ ಡಿಎನ್‌ಎಯಲ್ಲಿ ಲಕ್ಷಾಂತರ ಜಾಗಗಳನ್ನು ಹೋಲಿಸುತ್ತೇವೆ. ಅಷ್ಟೊಂದು ಜಾಗ ನೋಡಿದರೆ ಅದೃಷ್ಟದಿಂದಲೇ ಎಷ್ಟೋ ಕಡೆ ವ್ಯತ್ಯಾಸ ಕಾಣುತ್ತದೆ. ಅದಕ್ಕೇ ಈ ಕೆಲಸದಲ್ಲಿ ಕಟ್ಟುನಿಟ್ಟಿನ ಒಂದು ಗೆರೆ ಇದೆ. ಅಂಥ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿ ಬರುವ ಸಂಭವ 2 ಕೋಟಿಗೆ ಒಂದಕ್ಕಿಂತ ಕಡಿಮೆ ಇದ್ದರೆ ಮಾತ್ರ ನಂಬುತ್ತೇವೆ. 2007ರಲ್ಲಿ ಬ್ರಿಟನ್‌ನಲ್ಲಿ 7 ಕಾಯಿಲೆಗಳಿಗೆ 14,000 ರೋಗಿಗಳು, 3,000 ಹೋಲಿಕೆಯ ಜನರನ್ನು ಇಟ್ಟುಕೊಂಡು ಮಾಡಿದ ಅಧ್ಯಯನ ಈ ದಾರಿಯನ್ನು ಗಟ್ಟಿ ಮಾಡಿತು.

ಹೀಗೆ ಸಿಕ್ಕ ಬಹುಪಾಲು ಜಾಗಗಳ ಪ್ರಭಾವ ಚಿಕ್ಕದು. ಡಯಾಬಿಟಿಸ್‌ಗೆ ಸಂಬಂಧಪಟ್ಟ ಟಿಸಿಎಫ್7ಎಲ್2 ಜೀನ್ ದೊಡ್ಡದರಲ್ಲಿ ಒಂದು. ಅದರ ಅಪಾಯದ ಬಗೆ ಒಂದು ಪ್ರತಿ ಇದ್ದರೆ ರಿಸ್ಕ್ ಸುಮಾರು 1.4 ಪಟ್ಟು. ಅಷ್ಟೇ. ಆದರೆ ಪ್ರಭಾವ ಚಿಕ್ಕದು ಅಂದಮಾತ್ರಕ್ಕೆ ಅದರಿಂದ ಸಿಗುವ ತಿಳಿವಳಿಕೆ ಚಿಕ್ಕದಲ್ಲ. ನನಗೆ ಬಹಳ ಇಷ್ಟದ ಕತೆ ಪಿಸಿಎಸ್‌ಕೆ9.

2003ರಲ್ಲಿ ಫ್ರಾನ್ಸ್‌ನ ಒಂದು ತಂಡ, ಕೊಲೆಸ್ಟರಾಲ್ ವಿಪರೀತ ಇದ್ದ ಕೆಲವು ಕುಟುಂಬಗಳಲ್ಲಿ ಈ ಜೀನ್ ಬದಲಾಗಿರುವುದನ್ನು ಕಂಡಿತು. ಅಮೆರಿಕದ ಡಲ್ಲಾಸ್‌ನಲ್ಲಿ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ತಿರುಗಿಸಿ ಯೋಚಿಸಿದರು. ಜೀನ್ ಚುರುಕಾದರೆ ಕೊಲೆಸ್ಟರಾಲ್ ಏರುವುದಾದರೆ, ಜೀನ್ ಕೆಲಸ ನಿಲ್ಲಿಸಿದವರಲ್ಲಿ ಇಳಿದಿರಬೇಕಲ್ಲ? ಹುಡುಕಿದರು. ಸಿಕ್ಕರು. 2006ರಲ್ಲಿ ಫಲಿತಾಂಶ ಬಂತು: ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ 2.6% ಜನರಿಗೆ ಈ ಜೀನ್‌ನ ಒಂದು ಪ್ರತಿ ಕೆಲಸ ಮಾಡುತ್ತಿರಲಿಲ್ಲ. ಅವರ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 28% ಕಡಿಮೆ, ಹೃದಯದ ರಕ್ತನಾಳದ ಕಾಯಿಲೆ 88% ಕಡಿಮೆ. ಹುಟ್ಟಿನಿಂದಲೇ ಎಲ್‌ಡಿಎಲ್ ಕಡಿಮೆ ಇದ್ದರೆ ಹೃದಯಕ್ಕೆ ಎಷ್ಟು ಒಳ್ಳೆಯದು ಅಂತ ಅದರಿಂದ ತಿಳಿಯಿತು. 2015ರ ಹೊತ್ತಿಗೆ ಪಿಸಿಎಸ್‌ಕೆ9 ತಡೆಯುವ ಔಷಧಿಗಳಿಗೆ ಅನುಮತಿ ಸಿಕ್ಕಿತು. ಆ ಔಷಧಿ ತೆಗೆದುಕೊಳ್ಳುವ ಬಹುಪಾಲು ಜನರಿಗೆ ಆ ಜೀನ್‌ನಲ್ಲಿ ಯಾವ ತೊಂದರೆಯೂ ಇಲ್ಲ. ಕೆಲವೇ ಜನರ ಡಿಎನ್‌ಎ, ಎಲ್ಲರಿಗೂ ಔಷಧಿ ಕೊಟ್ಟಿತು. ಜೀನ್ ಹುಡುಕೋದು ಯಾಕೆ ಅನ್ನೋದಕ್ಕೆ ನನ್ನ ಉತ್ತರ ಇದೇ.

ಮಳೆಹನಿ:
ಓದಿ ಖುಷಿಯಾಯಿತು. ಒಂದು ಸಂಶಯ ಉಳಿದಿದೆ. ಎರಡು ವಿಷಯ ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಅನ್ನೋಕಾಗಲ್ಲ ಅಲ್ವಾ? ಮನುಷ್ಯರನ್ನು ಇಲಿಗಳ ಹಾಗೆ ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡೋಕೂ ಆಗಲ್ಲ. ಹಾಗಾದರೆ ಕಾರಣ ಅಂತ ಹೇಗೆ ಖಾತ್ರಿ ಮಾಡಿಕೊಳ್ಳುತ್ತಾರೆ?

ಅಂಕಿಸಂಖ್ಯೆ:
ಇಡೀ ವಿಷಯದ ತಿರುಳೇ ಅದು. ಸಿಗರೇಟಿನ ಜಗಳದಿಂದಲೇ ಶುರು ಮಾಡುತ್ತೇನೆ.

1950ರಲ್ಲಿ ಬ್ರಿಟನ್‌ನ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರ್‌ಗೂ ಸಂಬಂಧ ತೋರಿಸಿದರು. ಸಂಖ್ಯಾಶಾಸ್ತ್ರದ ಮೇರು ರೊನಾಲ್ಡ್ ಫಿಶರ್ ಒಪ್ಪಲಿಲ್ಲ. ಸಿಗರೇಟಿನ ಚಟಕ್ಕೂ ಕ್ಯಾನ್ಸರ್‌ಗೂ ಒಂದೇ ಜೀನ್ ಕಾರಣ ಇರಬಹುದಲ್ಲ ಅಂದರು. ಸುಮ್ನೆ ತಳ್ಳಿಹಾಕುವ ಪ್ರಶ್ನೆ ಅಲ್ಲ ಅದು. ಉತ್ತರ ಕೊಟ್ಟವರಲ್ಲಿ ಅವಳಿಗಳೂ ಇದ್ದಾರೆ. ಫಿನ್‌ಲ್ಯಾಂಡ್‌ನಲ್ಲಿ, ಒಬ್ಬರು ಸೇದುವ ಇನ್ನೊಬ್ಬರು ಸೇದದ ಅವಳಿ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಒಂದೇ ಮೊಟ್ಟೆಯ ಅವಳಿಗಳಲ್ಲೂ ಸೇದುವವರೇ ಮೊದಲು ಹೋಗುತ್ತಿದ್ದರು. ಜೀನ್ ಎರಡೂ ಕಡೆ ಒಂದೇ ಆದ್ದರಿಂದ ತಪ್ಪನ್ನು ಜೀನ್ ಮೇಲೆ ಹಾಕುವಂತಿರಲಿಲ್ಲ.

ಈಗ ಇನ್ನೊಂದು ಜಾಣ ದಾರಿ ಇದೆ. ಅಪ್ಪ ಅಮ್ಮನಿಂದ ಯಾವ ಬಗೆಯ ಜೀನ್ ಮಗುವಿಗೆ ಬರುತ್ತದೆ ಅನ್ನೋದು ಚೀಟಿ ಎತ್ತಿದ ಹಾಗೆ. ಹಣ, ಓದು, ಅಭ್ಯಾಸ ಯಾವುದೂ ಅದನ್ನು ಬದಲಾಯಿಸಲ್ಲ. ಈ ಚೀಟಿಯನ್ನೇ ಪ್ರಯೋಗದ ಹಾಗೆ ಬಳಸಿಕೊಳ್ಳುತ್ತಾರೆ. ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲ್ ಹೆಸರಿನಲ್ಲಿ ಇದನ್ನು ಮೆಂಡೇಲಿಯನ್ ರ‍್ಯಾಂಡಮೈಸೇಶನ್ ಅಂತಾರೆ.

ಮದ್ಯದ ಉದಾಹರಣೆ ಕೇಳಿ. ಸ್ವಲ್ಪ ಕುಡಿಯುವವರಿಗೆ, ಕುಡಿಯದವರಿಗಿಂತ ಪಾರ್ಶ್ವವಾಯು ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಾಣುತ್ತಿತ್ತು. ಆದರೆ ಕುಡಿಯದವರಲ್ಲಿ ಕಾಯಿಲೆ ಬಂದು ಬಿಟ್ಟವರೂ ಇರುತ್ತಾರೆ, ಹೋಲಿಕೆ ಕೆಡುತ್ತದೆ. ಚೀನಾದಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಇರುವ ಕಡೂರಿ ಬಯೋಬ್ಯಾಂಕ್ (ರಕ್ತದ ಮಾದರಿ, ಆರೋಗ್ಯದ ಮಾಹಿತಿ ಕೂಡಿಡುವ ಸಂಗ್ರಹ) ಇದೆ. ಪೂರ್ವ ಏಷ್ಯಾದ ಬಹಳ ಜನರಲ್ಲಿ ಎಎಲ್‌ಡಿಎಚ್2 ಜೀನ್‌ನ ಒಂದು ಬಗೆ ಇರುತ್ತದೆ. ಅದಿದ್ದವರಿಗೆ ಕುಡಿದ ಕೂಡಲೇ ಮುಖ ಕೆಂಪೇರಿ ಸಂಕಟವಾಗುತ್ತದೆ, ಹಾಗಾಗಿ ಕಡಿಮೆ ಕುಡಿಯುತ್ತಾರೆ. 2019ರಲ್ಲಿ ಜೀನ್ ಪ್ರಕಾರ ಗಂಡಸರನ್ನು ಗುಂಪು ಮಾಡಿ ನೋಡಿದರು. ಸ್ವಲ್ಪ ಕುಡಿದರೆ ಲಾಭ ಅನ್ನೋದು ಮಾಯವಾಯಿತು. ಕುಡಿತ ಏರಿದಂತೆ ಬಿಪಿಯೂ ಪಾರ್ಶ್ವವಾಯುವೂ ಏರುತ್ತಾ ಹೋದವು.

ನನ್ನ ಮನಸ್ಸಿಗೆ ಹಿಡಿಸಿದ್ದು ಆಮೇಲೆ ಅವರು ಮಾಡಿದ ಪರೀಕ್ಷೆ. ಆ ಜೀನ್ ಬೇರೆ ಯಾವುದೋ ದಾರಿಯಿಂದ ಬಿಪಿ ಏರಿಸುತ್ತಿದ್ದರೆ? ಅದಕ್ಕೆ ಹೆಂಗಸರನ್ನು ನೋಡಿದರು. ಅಲ್ಲಿ ಹೆಂಗಸರು ಕುಡಿಯುವುದು ತೀರಾ ಅಪರೂಪ. ಅವರಲ್ಲೂ ಅದೇ ಜೀನ್ ಬಗೆಗಳಿದ್ದವು, ಆದರೆ ಬಿಪಿಯಲ್ಲಾಗಲಿ ಪಾರ್ಶ್ವವಾಯುವಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದಮೇಲೆ ತಪ್ಪು ಮದ್ಯದ್ದೇ.

ಇದೇ ವಿಧಾನ ಎಚ್‌ಡಿಎಲ್ ಬಗ್ಗೆ ಇದ್ದ ನಂಬಿಕೆಯನ್ನೂ ಅಲ್ಲಾಡಿಸಿತು. "ಒಳ್ಳೆಯ ಕೊಲೆಸ್ಟರಾಲ್" ಏರಿಸಿದರೆ ಹೃದಯ ಉಳಿಯುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. 2012ರಲ್ಲಿ, ಹುಟ್ಟಿನಿಂದಲೇ ಎಚ್‌ಡಿಎಲ್ ಜಾಸ್ತಿ ಮಾಡುವ ಒಂದು ಜೀನ್ ಬಗೆ ಇರುವವರಿಗೂ ಹಾರ್ಟ್ ಅಟ್ಯಾಕ್ ಕಡಿಮೆ ಏನಿಲ್ಲ ಅಂತ ಗೊತ್ತಾಯಿತು. ಅದಕ್ಕೂ ಮೊದಲು, 2006ರಲ್ಲಿ, ಎಚ್‌ಡಿಎಲ್ ಏರಿಸುವ ಟಾರ್ಸೆಟ್ರಪಿಬ್ ಔಷಧಿಯ ಪರೀಕ್ಷೆಯನ್ನು ಸಾವು ಹೆಚ್ಚಾಗಿದ್ದಕ್ಕೆ ನಿಲ್ಲಿಸಬೇಕಾಗಿ ಬಂದಿತ್ತು. ಜೀನ್ ಲೆಕ್ಕ ಮೊದಲೇ ಕೈಯಲ್ಲಿದ್ದಿದ್ದರೆ ಆ ಜೀವಗಳು ಉಳಿಯುತ್ತಿದ್ದವೋ ಏನೋ ಅಂತ ನನಗೆ ಅನ್ನಿಸುತ್ತದೆ.

ಊರೂರುಸುತ್ತು:
ನಾನು ಇಂಥ ಅಧ್ಯಯನದಲ್ಲಿ ಜನರನ್ನು ಭೇಟಿಯಾಗಿ ಮಾಹಿತಿ ತೆಗೆದುಕೊಳ್ಳುವ ಕೆಲಸ ಮಾಡುತ್ತೇನೆ. ಮೇಲೆ ಹೇಳಿದ ದೊಡ್ಡ ಫಲಿತಾಂಶಗಳ ಬುಡದಲ್ಲಿ ಏನಿದೆ ಅಂತ ಸ್ವಲ್ಪ ಹೇಳಲೇಬೇಕು.

ಬಿಪಿ ನೋಡೋದನ್ನೇ ತೆಗೆದುಕೊಳ್ಳಿ. ಬಂದವರನ್ನು ಮೊದಲು 5 ನಿಮಿಷ ಸುಮ್ನೆ ಕೂರಿಸುತ್ತೇವೆ. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ಊರಿರಬೇಕು, ಕಾಲ ಮೇಲೆ ಕಾಲು ಹಾಕಿರಬಾರದು. ತೋಳಿನ ಸುತ್ತಳತೆ ನೋಡಿ ಸರಿಯಾದ ಅಳತೆಯ ಪಟ್ಟಿ ಕಟ್ಟಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇಲ್ಲದ್ದೂ ಇದ್ದ ಹಾಗೆ ಕಾಣುತ್ತದೆ. ತೋಳು ಎದೆಯ ಮಟ್ಟಕ್ಕಿರಬೇಕು. ಆ ಹೊತ್ತಿನಲ್ಲಿ ಅವರೂ ಮಾತಾಡಬಾರದು, ನಾವೂ ಮಾತಾಡಿಸಬಾರದು. ಬಿಡುವು ಕೊಟ್ಟು ಕೊಟ್ಟು ಮತ್ತೆ ನೋಡಬೇಕು, ಒಂದೇ ಸಲದ ಸಂಖ್ಯೆ ನಂಬುವಂತಿಲ್ಲ. ಜನ ಪಾಪ ಮಾತಾಡೋಕೆ ಅಂತಲೇ ಬಂದಿರುತ್ತಾರೆ, ತಡೆಯೋದು ಕಷ್ಟ. ಆದರೆ ಈ ಶಿಸ್ತು ತಪ್ಪಿದರೆ ಮುಂದೆ ಯಾವ ಲೆಕ್ಕ ಹಾಕಿದರೂ ಪ್ರಯೋಜನ ಇಲ್ಲ.

ಡಿಎನ್‌ಎ ತೆಗೆಯೋದು ಇದಕ್ಕಿಂತ ಸಲೀಸು. ಒಂದು ಸಲ ರಕ್ತವೋ ಎಂಜಲೋ ತೆಗೆದರೆ ಜೀವನಪೂರ್ತಿ ಸಾಕು, ಅದು ಬದಲಾಗಲ್ಲ. ಪರಿಸರ ದಿನಾ ಬದಲಾಗುತ್ತದೆ. "ನೀವು ಕಳೆದ ವರ್ಷ ವಾರಕ್ಕೆ ಎಷ್ಟು ಸಲ ಹಣ್ಣು ತಿಂದಿರಿ?" ಅಂತ ಕೇಳಿದರೆ ಯಾರು ತಾನೇ ಸರಿಯಾಗಿ ಹೇಳಬಲ್ಲರು? ಗಾಳಿಯ ವಿಷಯವೂ ಅಷ್ಟೇ. ಮನೆ ವಿಳಾಸ ನೋಡಿ ಅಲ್ಲಿನ ಪಿಎಂ 2.5 ಅನ್ನೋ ತೀರಾ ಸಣ್ಣ ಧೂಳು ಇಷ್ಟು ಅಂತ ಬರೆದುಕೊಳ್ಳುತ್ತಾರೆ. ಆ ಮನುಷ್ಯ ಹಗಲೆಲ್ಲ ಬೇರೆ ಕಡೆ, ಹೊಗೆ ತುಂಬಿದ ಜಾಗದಲ್ಲಿ ದುಡಿಯುತ್ತಿರಬಹುದು. ಗರ್ಭದಲ್ಲಿದ್ದಾಗಿನಿಂದ ಸಾಯುವವರೆಗೆ ಮೈಗೆ ತಾಗುವ ಎಲ್ಲದಕ್ಕೂ ಸೇರಿ ಎಕ್ಸ್‌ಪೋಸೋಮ್ ಅನ್ನೋ ಹೆಸರನ್ನು ಕ್ರಿಸ್ಟೋಫರ್ ವೈಲ್ಡ್ ಅನ್ನುವ ವಿಜ್ಞಾನಿ 2005ರಲ್ಲಿ ಕೊಟ್ಟರು. ಜೀನ್ ಅಳೆಯೋಕೆ ಇಷ್ಟು ಒಳ್ಳೆಯ ಯಂತ್ರ ಇವೆ, ಬದುಕನ್ನು ಅಳೆಯೋಕೆ ಇಲ್ಲ ಅನ್ನೋದೇ ಅವರ ಕಳವಳ. ಈಗ ಕೈಗೆ ಕಟ್ಟುವ ಸಿಲಿಕೋನ್ ಪಟ್ಟಿಗಳಿವೆ, ಸುತ್ತಲಿನ ರಾಸಾಯನಿಕಗಳನ್ನು ಹೀರಿಕೊಳ್ಳುತ್ತವೆ. ಓಡಾಟ ಅಳೆಯುವ ಗಡಿಯಾರಗಳಿವೆ. ಆದರೂ ಜೀನ್ ಕಡೆ ಅಳತೆ ಚೊಕ್ಕ, ಪರಿಸರದ ಕಡೆ ಮಸುಕು. ಮಸುಕಾಗಿ ಅಳೆದದ್ದರ ಪ್ರಭಾವ ಲೆಕ್ಕದಲ್ಲಿ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುವುದೇ ಹೆಚ್ಚು. ನೇರನುಡಿಯವರ ಸಿಟ್ಟಿಗೆ ಇಲ್ಲಿ ನ್ಯಾಯ ಇದೆ ಅಂತ ನನ್ನ ಅಭಿಪ್ರಾಯ. ಪರಿಸರ ಅಳೆಯೋಕೆ ಇನ್ನೂ ಹೆಚ್ಚು ದುಡ್ಡು, ಹೆಚ್ಚು ಜನ ಬೇಕು.

ಇಷ್ಟು ವರ್ಷ ಯಾಕೆ ಅಂದಿರಲ್ಲ ಮಳೆಹನಿಯವರೇ, ಕಾಯಿಲೆ ಬಂದ ಮೇಲೆ ಹಳೆಯದನ್ನು ಕೇಳಿದರೆ ನೆನಪು ವಾಲಿಬಿಡುತ್ತದೆ. ಕಾಯಿಲೆಯವರು "ನನಗೆ ಯಾಕೆ ಬಂತು" ಅಂತ ಹಿಂದಿನದನ್ನೆಲ್ಲ ಕೆದಕಿರುತ್ತಾರೆ, ಆರೋಗ್ಯವಾಗಿರುವವರು ಕೆದಕಿರಲ್ಲ. ಅದಕ್ಕೇ ಆರೋಗ್ಯವಾಗಿರುವಾಗಲೇ ಬರೆದಿಟ್ಟು ಕಾಯಬೇಕು. ಫ್ರೇಮಿಂಗ್‌ಹ್ಯಾಮ್ 1948ರಲ್ಲಿ 5,209 ಜನರೊಂದಿಗೆ ಶುರುವಾಯಿತು. 1971ರಲ್ಲಿ ಅವರ ಮಕ್ಕಳು, 2002ರಲ್ಲಿ ಮೊಮ್ಮಕ್ಕಳು ಸೇರಿದರು. ಬಿಪಿ, ಕೊಲೆಸ್ಟರಾಲ್, ಸಿಗರೇಟು ಹೃದಯಕ್ಕೆ ಅಪಾಯ ಅಂತ ನಾವಿವತ್ತು ಸಲೀಸಾಗಿ ಹೇಳುತ್ತೇವೆ. ಅದರ ಹಿಂದೆ ಆ ಊರಿನವರ ತಾಳ್ಮೆ ಇದೆ.

ಹಸಿರುಬಾಗಿಲು:
ಅಸ್ತಮಾ ಬಗ್ಗೆ ಯಾರಾದರೂ ಹೇಳುತ್ತೀರಾ? ನನ್ನ ಮಗಳಿಗಿದೆ. ನಮ್ಮವರಲ್ಲಿ ಯಾರಿಗೂ ಇಲ್ಲ.

ಬಂಡೆಹೂವು:
ಹಸಿರುಬಾಗಿಲು ಅವರೇ, ಅಸ್ತಮಾ ಬಗ್ಗೆ ಒಂದು ಚಂದದ ಅಧ್ಯಯನ ಇದೆ, 2016ರದ್ದು. ಅಮೆರಿಕದಲ್ಲಿ ಆಮಿಶ್ ಮತ್ತು ಹಟರೈಟ್ ಅನ್ನೋ ಎರಡು ಸಮುದಾಯ. ಎರಡೂ ಯುರೋಪಿನಿಂದ ವಲಸೆ ಬಂದವು, ವಂಶದಲ್ಲಿ ಬಹಳ ಹತ್ತಿರ, ಎರಡೂ ಬೇಸಾಯದ ಜನ. ಆಮಿಶ್ ಮಕ್ಕಳಲ್ಲಿ ಅಸ್ತಮಾ 5.2%, ಹಟರೈಟ್ ಮಕ್ಕಳಲ್ಲಿ 21.3%. ವ್ಯತ್ಯಾಸ ಎಲ್ಲಿ? ಆಮಿಶ್ ಜನ ಹಳೆಯ ರೀತಿ ಕುದುರೆ ಕಟ್ಟಿ ಉಳುತ್ತಾರೆ, ಕೊಟ್ಟಿಗೆ ಮನೆಗೆ ಹತ್ತಿರ, ಮಕ್ಕಳು ಅಲ್ಲೇ ಆಡುತ್ತಾರೆ. ಹಟರೈಟ್ ಜನರದು ದೊಡ್ಡ ಯಂತ್ರದ ಬೇಸಾಯ, ಚಿಕ್ಕ ಮಕ್ಕಳು ಪ್ರಾಣಿಗಳ ಹತ್ತಿರ ಅಷ್ಟಾಗಿ ಹೋಗುವುದಿಲ್ಲ. ಮನೆಗಳ ಧೂಳು ತೆಗೆದು ನೋಡಿದರೆ, ಆಮಿಶ್ ಮನೆಯ ಧೂಳಿನಲ್ಲಿ ಬ್ಯಾಕ್ಟೀರಿಯಾದ ಹೊರಪದರದಿಂದ ಬರುವ ಎಂಡೋಟಾಕ್ಸಿನ್ ಅನ್ನೋ ವಸ್ತು 6.8 ಪಟ್ಟು ಹೆಚ್ಚಿತ್ತು. ಆ ಧೂಳಿನ ಸಾರವನ್ನು ಇಲಿಗಳ ಮೂಗಿಗೆ ಬಿಟ್ಟರು. ಆಮಿಶ್ ಧೂಳು ಅಸ್ತಮಾ ತಡೆಯಿತು, ಹಟರೈಟ್ ಧೂಳು ತಡೆಯಲಿಲ್ಲ.

ಹಾಗಂತ ಈಗ ಮಗುವನ್ನು ಧೂಳಿಗೆ ಬಿಡಬೇಡಿ. ಒಮ್ಮೆ ಅಸ್ತಮಾ ಬಂದವರಿಗೆ ಧೂಳೇ ಉಬ್ಬಸ ತರಬಹುದು. ಡಾಕ್ಟರ್ ಹೇಳಿದ ಇನ್ಹೇಲರ್ ಬಿಡಬೇಡಿ. ಎಳೆತನದಲ್ಲಿ ಮೈ ಏನು ಕಲಿಯಿತು ಅನ್ನೋದು ಈ ಅಧ್ಯಯನದ ವಿಷಯ.

ಹಸಿರುಬಾಗಿಲು:
ಹಾಗಾದರೆ ನಾನು ಬಸುರಿಯಾಗಿದ್ದಾಗ, ಮಗು ಚಿಕ್ಕದಿದ್ದಾಗ ಏನೋ ತಪ್ಪಾಯಿತು ಅಂತಲಾ? ಈ ಯೋಚನೆ ನನ್ನನ್ನು ಬಿಡುತ್ತಿಲ್ಲ.

ಬಿಳಿಕೋಟು:
ಇಲ್ಲ ಮೇಡಂ. ದಯವಿಟ್ಟು ಹಾಗೆ ಯೋಚಿಸಬೇಡಿ. ಇಂಥ ಅಧ್ಯಯನಗಳು ಸಾವಿರ ಜನರ ಸರಾಸರಿ ಹೇಳುತ್ತವೆ. ಒಂದು ಮಗುವಿಗೆ ಯಾಕೆ ಬಂತು ಅಂತ ಅವು ಹೇಳಲಾರವು.

ಗರ್ಭದ ಕಾಲ ಮುಖ್ಯ ಅನ್ನೋದು ನಿಜ. ಅದನ್ನು ತೋರಿಸಿಕೊಟ್ಟವರು ಯಾವ ತಪ್ಪನ್ನೂ ಮಾಡದ ತಾಯಂದಿರು. 1944ರ ಕೊನೆಯಿಂದ 1945ರ ವಸಂತದವರೆಗೆ ನೆದರ್‌ಲ್ಯಾಂಡ್ಸ್‌ನ ಪಶ್ಚಿಮ ಭಾಗಕ್ಕೆ ನಾಜಿ ಸೇನೆ ಆಹಾರ ತಡೆಯಿತು. ಕೊನೆಕೊನೆಗೆ ದಿನಕ್ಕೆ 400ರಿಂದ 800 ಕ್ಯಾಲರಿ ಮಾತ್ರ ಪಡಿತರ. ಆ ಹೊತ್ತಿನಲ್ಲಿ ಗರ್ಭದಲ್ಲಿದ್ದವರಿಗೆ ದೊಡ್ಡವರಾದ ಮೇಲೆ ರಕ್ತದ ಸಕ್ಕರೆ ಹತೋಟಿ ಕಡಿಮೆ ಇತ್ತು. 2008ರಲ್ಲಿ ಅವರನ್ನು, ಆ ಬರಗಾಲ ತಾಗದ ಸ್ವಂತ ಅಣ್ಣತಮ್ಮ ಅಕ್ಕತಂಗಿಯರ ಜೊತೆ ಹೋಲಿಸಿದರು. ಬೆಳವಣಿಗೆಗೆ ಸಂಬಂಧಪಟ್ಟ ಐಜಿಎಫ್2 ಜೀನ್ ಮೇಲಿನ ರಾಸಾಯನಿಕ ಗುರುತುಗಳಲ್ಲಿ 60 ವರ್ಷದ ನಂತರವೂ ವ್ಯತ್ಯಾಸ ಸಿಕ್ಕಿತು. ಜೀನ್‌ನ ಅಕ್ಷರ ಬದಲಾಗಿರಲಿಲ್ಲ, ಅದರ ಮೇಲಿನ ಗುರುತು ಬದಲಾಗಿತ್ತು.

ಇದಕ್ಕೆ ತಿರುಗಾಮುರುಗಾ ಇನ್ನೊಂದು. ಬ್ರಿಟನ್‌ನಲ್ಲಿ ಯುದ್ಧಕಾಲದ ಸಕ್ಕರೆ ಪಡಿತರ 1953ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಮುಗಿದ ಕೂಡಲೇ ಜನ ಸಕ್ಕರೆ ತಿನ್ನೋದು ಹತ್ತಿರ ಹತ್ತಿರ ದುಪ್ಪಟ್ಟಾಯಿತು. ಪಡಿತರ ಇದ್ದಾಗ ಗರ್ಭದಲ್ಲಿದ್ದು ಎಳೆತನ ಕಳೆದವರು, ನಂತರ ಹುಟ್ಟಿದವರು, ಇಬ್ಬರನ್ನೂ ಹೋಲಿಸಿದ ಅಧ್ಯಯನ 2024ರಲ್ಲಿ ಬಂತು. ಮೊದಲ 1000 ದಿನ (ಗರ್ಭ ಕಟ್ಟಿದಾಗಿನಿಂದ ಸುಮಾರು ಎರಡು ವರ್ಷ ತುಂಬುವವರೆಗೆ) ಸಕ್ಕರೆ ಕಡಿಮೆ ಇದ್ದವರಲ್ಲಿ ಟೈಪ್ 2 ಡಯಾಬಿಟಿಸ್ ಸುಮಾರು 35%, ಬಿಪಿ ಸುಮಾರು 20% ಕಡಿಮೆ. ಎರಡೂ ಕಡೆ ತಾಯಂದಿರು ತಮಗೆ ಸಿಕ್ಕಿದ್ದನ್ನು ತಿಂದರು. ನಿರ್ಧಾರ ಮಾಡಿದ್ದು ಸರ್ಕಾರ, ಸೈನ್ಯ. ಇಂಥ ಫಲಿತಾಂಶ ಓದಿದಾಗ ನಾವು ಕೇಳಬೇಕಾದದ್ದು ಬಸುರಿ ಹೆಂಗಸಿಗೆ ಏನು ಸಿಗುತ್ತಿದೆ ಅಂತ. ಅವಳೇನು ತಪ್ಪು ಮಾಡಿದಳು ಅಂತ ಅಲ್ಲ.

ಹಸಿರುಬಾಗಿಲು:
ಮನಸ್ಸು ಹಗುರಾಯಿತು ಸರ್. ತುಂಬಾ ಥ್ಯಾಂಕ್ಸ್.

ಹೊಸಓದುಗ:
ಮನೆಗೇ ಕಿಟ್ ತರಿಸಿ ಎಂಜಲು ಕಳಿಸಿದರೆ ನಿಮ್ಮ ಹಾರ್ಟ್ ರಿಸ್ಕ್ ಸ್ಕೋರ್ ಇಷ್ಟು ಅಂತ ಕೊಡುತ್ತಾರಲ್ಲ, ಅದನ್ನು ನಂಬಬಹುದಾ?

ಲ್ಯಾಬ್‌ಮೂಲೆ:
ಸಾವಿರಾರು ಜಾಗಗಳ ಚಿಕ್ಕ ಚಿಕ್ಕ ಪ್ರಭಾವ ಕೂಡಿಸಿ ಆ ಸ್ಕೋರ್ ಮಾಡುತ್ತಾರೆ. ಗುಂಪಿನ ಮಟ್ಟಕ್ಕೆ ಅದಕ್ಕೆ ಅರ್ಥ ಇದೆ. ಆದರೆ ಯಾರ ಡಿಎನ್‌ಎ ನೋಡಿ ಅದನ್ನು ಕಟ್ಟಿದರು ಅಂತ ಕೇಳಿ. 2019ರಲ್ಲಿ ಲೆಕ್ಕ ಹಾಕಿದಾಗ ಇಂಥ ಅಧ್ಯಯನಗಳಲ್ಲಿದ್ದವರಲ್ಲಿ ಸುಮಾರು 79% ಯುರೋಪ್ ಮೂಲದವರು. ಬೇರೆ ಮೂಲದವರಿಗೆ ಅದೇ ಸ್ಕೋರ್ ಬಳಸಿದರೆ ಗುರಿ ತಪ್ಪುತ್ತದೆ. ಇದು ನನ್ನನ್ನು ಬಹಳ ಕಾಡುವ ವಿಷಯ. ಒಂದು ಗುಂಪಿನವರನ್ನು ಬಿಟ್ಟರೆ ಕಾರಣವೇ ಕಣ್ಣಿಗೆ ಬೀಳದೆ ಹೋಗಬಹುದು. ಎಪಿಒಎಲ್1 ಅನ್ನೋ ಜೀನ್ ಬಗೆಗಳು ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಸಾಮಾನ್ಯ. ನಿದ್ರಾರೋಗದ ಪರಾವಲಂಬಿಯಿಂದ ಅವು ಕಾಪಾಡುತ್ತವೆ, ಆದರೆ ಎರಡು ಪ್ರತಿ ಇದ್ದರೆ ಕಿಡ್ನಿ ಕಾಯಿಲೆಯ ಅಪಾಯ ಹೆಚ್ಚು. 2010ರವರೆಗೂ ಅದು ಗೊತ್ತಿರಲಿಲ್ಲ. ಅಲ್ಲೂ ಎರಡು ಪ್ರತಿ ಇದ್ದವರಿಗೆಲ್ಲ ಕಾಯಿಲೆ ಬರಲ್ಲ, ಎಚ್‌ಐವಿಯಂಥ ಇನ್ನೊಂದು ಪೆಟ್ಟು ಬಿದ್ದಾಗ ಅಪಾಯ ಜೋರಾಗುತ್ತದೆ.

ಸ್ಕೋರ್ ಹೆಚ್ಚು ಬಂದರೂ ಹೆದರಬೇಕಿಲ್ಲ. 2016ರಲ್ಲಿ 55,000ಕ್ಕೂ ಹೆಚ್ಚು ಜನರ ಡೇಟಾ ನೋಡಿದರು. ಜೀನ್ ಅಪಾಯ ಅತಿ ಹೆಚ್ಚಿದ್ದವರಲ್ಲೂ, ಸಿಗರೇಟು ಸೇದದ, ತೂಕ ಮಿತಿಯಲ್ಲಿದ್ದ, ಓಡಾಡುವ, ಒಳ್ಳೆಯ ಊಟ ಮಾಡುವವರಿಗೆ ಹೃದಯದ ರಕ್ತನಾಳದ ಕಾಯಿಲೆ ಸುಮಾರು ಅರ್ಧದಷ್ಟು ಕಡಿಮೆ. ಡಯಾಬಿಟಿಸ್‌ನಲ್ಲಿ ಇನ್ನೂ ಗಟ್ಟಿ ಪುರಾವೆ ಇದೆ. 2002ರಲ್ಲಿ ಅಮೆರಿಕದಲ್ಲಿ 3,234 ಜನರ ಮೇಲೆ ಪರೀಕ್ಷೆ ನಡೆಯಿತು. ತೂಕ 7% ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಶುಗರ್ ಬರೋದು 58% ಕಡಿಮೆಯಾಯಿತು, ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆಯವರಲ್ಲಿ 31%. ಆಮೇಲೆ ಟಿಸಿಎಫ್7ಎಲ್2 ಅಪಾಯದ ಬಗೆ ಎರಡು ಪ್ರತಿ ಇದ್ದವರನ್ನೂ ಬೇರೆಯಾಗಿ ನೋಡಿದರು. ಅವರಲ್ಲೂ ನಡಿಗೆ, ತೂಕ ಇಳಿಕೆ ಫಲ ಕೊಟ್ಟಿತ್ತು.

ನೇರನುಡಿ:
ಇದನ್ನೇ ನಾನು ಹೇಳಿದ್ದು. ಆದರೆ ಆ 58%ಗೆ ಅವರ ಜೊತೆ ನಿಂತು ಹೇಳಿಕೊಟ್ಟ ಸಿಬ್ಬಂದಿ ಇದ್ದಿರಬೇಕು ಅಲ್ವಾ? ಸುಮ್ನೆ "ನಡೀರಿ" ಅಂದಿದ್ದಕ್ಕೆ ಆಗಿರಲ್ಲ.

ಲ್ಯಾಬ್‌ಮೂಲೆ:
ಹೌದು, ಒಬ್ಬೊಬ್ಬರಿಗೂ ಒಬ್ಬ ಮಾರ್ಗದರ್ಶಕರು, 16 ಪಾಠಗಳು, ಆಮೇಲೂ ತಿಂಗಳು ತಿಂಗಳು ವಿಚಾರಣೆ. ನೀವು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದೀರಿ.

ಮಳೆಹನಿ:
ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಸೇರೋಕೆ ಮನಸ್ಸಿದೆ, ಆದರೆ "ನನ್ನ ರಕ್ತ ಇಟ್ಟುಕೊಂಡು ಏನು ಮಾಡುತ್ತಾರೋ" ಅಂತ ಅನುಮಾನ. ಸಹಿ ಹಾಕುವ ಮೊದಲು ಏನು ಕೇಳಬೇಕು?

ಊರೂರುಸುತ್ತು:
ಅಮ್ಮನ ಅನುಮಾನ ಸರಿಯಾಗಿದೆ, ಅದಕ್ಕೆ ಇತಿಹಾಸವೂ ಇದೆ. 1990ರಿಂದ ಅರಿಜೋನಾದ ಹವಾಸುಪಾಯಿ ಜನ ಡಯಾಬಿಟಿಸ್ ಸಂಶೋಧನೆಗೆ ಅಂತ ರಕ್ತ ಕೊಟ್ಟರು. ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ, ಅವರ ಪೂರ್ವಜರ ವಲಸೆ, ಇಂಥ ಬೇರೆ ಅಧ್ಯಯನಗಳಿಗೆ ಬಳಸಲಾಯಿತು. ಅವರಿಗೆ ಅದು ಗೊತ್ತಿರಲಿಲ್ಲ. ಕೋರ್ಟಿಗೆ ಹೋದರು. 2010ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ರಾಜಿ ಮಾಡಿಕೊಂಡು 7 ಲಕ್ಷ ಡಾಲರ್ ಕೊಟ್ಟಿತು. ರಕ್ತದ ಮಾದರಿಗಳನ್ನೂ ವಾಪಸ್ ಕೊಟ್ಟಿತು.

ಹಾಗಾಗಿ ನೇರವಾಗಿ ಕೇಳಿ. ಈ ಒಂದೇ ಕಾಯಿಲೆಗಾ, ಮುಂದೆ ಬೇರೆ ಸಂಶೋಧನೆಗೂ ಬಳಸುತ್ತೀರಾ? ಬೇರೆ ದೇಶದವರಿಗೆ, ಔಷಧಿ ಕಂಪನಿಗಳಿಗೆ ಡೇಟಾ ಕೊಡುತ್ತೀರಾ? ಹೆಸರು, ವಿಳಾಸವನ್ನು ಡಿಎನ್‌ಎಯಿಂದ ಬೇರೆಯಾಗಿ ಯಾರು ಇಟ್ಟುಕೊಳ್ಳುತ್ತಾರೆ? ನಾಳೆ ಬೇಡ ಅನ್ನಿಸಿದರೆ ಬಿಡಬಹುದಾ? ಬಿಟ್ಟರೆ ರಕ್ತ ನಾಶ ಮಾಡುತ್ತೀರಾ, ಈಗಾಗಲೇ ಬಳಸಿದ ಡೇಟಾ ಏನಾಗುತ್ತದೆ? ಉತ್ತರ ಕೊಡೋಕೆ ಯಾರಾದರೂ ಬೇಸರ ಮಾಡಿಕೊಂಡರೆ ಸಹಿ ಹಾಕಬೇಡಿ.

ಫಲಿತಾಂಶ ನಿಮಗೆ ತಿಳಿಸುತ್ತಾರಾ ಅನ್ನೋದನ್ನೂ ಕೇಳಿ. ಬ್ರಿಟನ್‌ನ ಯುಕೆ ಬಯೋಬ್ಯಾಂಕ್‌ನಲ್ಲಿ 5 ಲಕ್ಷ ಜನ ಇದ್ದಾರೆ. ಅಲ್ಲಿ ಜೀನ್ ಫಲಿತಾಂಶವನ್ನು ಒಬ್ಬೊಬ್ಬರಿಗೆ ತಿಳಿಸುವ ಪದ್ಧತಿ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತಾರೆ. ಕೆಲವು ಅಧ್ಯಯನಗಳು ತಿಳಿಸುತ್ತವೆ. ಅಮ್ಮನಿಗೆ ತಿಳಿಯುವುದು ಬೇಕಾ ಬೇಡವಾ ಅಂತ ಮೊದಲೇ ಮಾತಾಡಿಕೊಳ್ಳಿ. ಯಾಕೆಂದರೆ ಅಮ್ಮನ ಜೀನ್‌ನ ಸುದ್ದಿ ನಿಮ್ಮದೂ ಆಗಿರುತ್ತದೆ.

ಬಿಳಿಕೋಟು:
ಇನ್ನೊಂದು ಮಾತು. ಹೋಗುವಾಗ ಕುಟುಂಬದ ಮಾಹಿತಿ ಬರೆದುಕೊಂಡು ಹೋಗಿ. ಯಾರಿಗೆ ಏನು ಕಾಯಿಲೆ ಅನ್ನೋದರ ಜೊತೆ, ಎಷ್ಟನೇ ವಯಸ್ಸಿಗೆ ಬಂತು ಅಂತಲೂ ಬೇಕು. ಅಪ್ಪ, ಅಣ್ಣತಮ್ಮಂದಿರಿಗೆ 55ಕ್ಕಿಂತ ಮೊದಲು, ಅಮ್ಮ, ಅಕ್ಕತಂಗಿಯರಿಗೆ 65ಕ್ಕಿಂತ ಮೊದಲು ಹೃದಯದ ಕಾಯಿಲೆ ಬಂದಿದ್ದರೆ ವೈದ್ಯರು ಅದನ್ನು ಬೇರೆಯಾಗಿ ಪರಿಗಣಿಸುತ್ತಾರೆ. ಯಾರು ಸಿಗರೇಟು ಸೇದುತ್ತಿದ್ದರು, ಯಾರು ಏನು ಕೆಲಸ ಮಾಡುತ್ತಿದ್ದರು ಅಂತಲೂ ಬರೆಯಿರಿ.

ಮಳೆಹನಿ:
ತಾತನಿಗೆ ಎಷ್ಟನೇ ವಯಸ್ಸಿಗೆ ಅಂತ ಅಮ್ಮನಿಗೂ ಸರಿಯಾಗಿ ಗೊತ್ತಿಲ್ಲ. ದೊಡ್ಡಮಾವನಿಗೆ ಗೊತ್ತಿರುತ್ತದೆ, ಇವತ್ತು ಸಂಜೆ ಫೋನ್ ಮಾಡಿ ಕೇಳುತ್ತೇನೆ. ಊರೂರುಸುತ್ತು ಅವರ ಪ್ರಶ್ನೆಗಳನ್ನು ಹಾಗೇ ಬರೆದುಕೊಂಡು ಹೋಗುತ್ತೇವೆ. ಅವರು ಏನು ಉತ್ತರ ಕೊಟ್ಟರು ಅಂತ ಇಲ್ಲೇ ಹಾಕುತ್ತೇನೆ.